ಹಳದಿ ಪಟ್ಟಿ

ಅಮೆರಿಕದ ಯೂನಿಯನ್ ಸಿಟಿಯ ದ್ಯಾಮವ್ವನಿಗೆ ಗಂಡನ ಮಾತನ್ನು ಸುಮ್ಮನೆ ನಂಬುವ ಅಭ್ಯಾಸವೇ ಇರಲಿಲ್ಲ. ಹಾಲು ಕೆಟ್ಟಿಲ್ಲ ಎಂದು ಕುಬೇರಪ್ಪ ಹೇಳಿದರೂ ಮೂಸಿ ನೋಡುವವಳೇ. ಗದಗಿನ ಹೆಣ್ಣು, ಇಲ್ಲಿಯ ಡೇಕೇರಿನಲ್ಲಿ ಇಪ್ಪತ್ತು ವರ್ಷ ಮಕ್ಕಳನ್ನು ಸಂಭಾಳಿಸಿದವಳು. ಬಿಸ್ಕತ್ತು ತಿಂದೇ ಇಲ್ಲ ಎನ್ನುವ ಮುಖ ಅವಳಿಗೆ ದೂರದಿಂದಲೇ ಗೊತ್ತಾಗುತ್ತಿತ್ತು.

ಅಂಥವಳ ಗ್ಯಾರೇಜಿನಲ್ಲಿ ಹನ್ನೊಂದು ರಾಕೆಟ್ಟು! ಸೈನಿಕರ ತರಬೇತಿಯವಂತೆ, ಮದ್ದಿಲ್ಲದವಂತೆ. ರಿಟೈರಾದ ಮೇಲೆ ಕುಬೇರಪ್ಪನಿಗೆ ಹತ್ತಿದ ಹುಚ್ಚು ಇದು. ಶನಿವಾರ ಬಂತೆಂದರೆ ಲಿವರ್‌ಮೋರ್ ಕಡೆಯ ಹಳೇ ಸಾಮಾನಿನ ಸಂತೆಗೆ ಓಡುತ್ತಿದ್ದ.

“ನೀಲಿ ಬಣ್ಣ ಅಂದ್ರ ಒಳಗ ಮದ್ದಿಲ್ಲ. ಹಳದಿ ಪಟ್ಟಿ ಇದ್ರಷ್ಟ ಅಂಜಬೇಕು. ನಾ ಎಲ್ಲಾ ಚೆಕ್ ಮಾಡೇನಿ,” ಎನ್ನುತ್ತಿದ್ದ.

“ಚೆಕ್ ಮಾಡೀರೋ, ಮಾರಿದಂವ ಹೇಳಿದ್ದು ಕೇಳೀರೋ?”

“ನಿನಗ ಎಲ್ಲಾದ್ರಾಗೂ ಸಂಶಯ!”

ಹೌದು ಮತ್ತೆ, ಸಂಶಯವೇ. ಕಳೆದ ತಿಂಗಳು ತಂದ ಉದ್ದನೆಯದರ ನೀಲಿ ಅಷ್ಟೊಂದು ಯಾಕೆ ಹೊಳೆಯಬೇಕು? ಉಳಿದವಕ್ಕೆಲ್ಲ ಖಾಲಿ ಎಂದು ತೋರಿಸಲು ತೂತು ಕೊರೆದಿದ್ದಾರೆ, ಇದಕ್ಕೇಕೆ ಇಲ್ಲ? ಕೇಳಿದರೆ ಟಿವಿಯ ಸೌಂಡು ಏರುತ್ತಿತ್ತು.

ಖಂಡೇನವಮಿ ಬಂತು. ಮನೆಯ ಆಯುಧಗಳನ್ನೆಲ್ಲ ತೊಳೆದು ಪೂಜಿಸುವ ದಿನ. ಕಾರು, ಡ್ರಿಲ್ಲು, ಈಳಿಗೆ ಮುಗಿದವು. ಅಲ್ಲ, ರಾಕೆಟ್ಟು ಆಯುಧವಲ್ಲದೆ ಮತ್ತೇನು? ದ್ಯಾಮವ್ವ ಉದ್ದನೆಯದನ್ನು ತೊಡೆಯ ಮೇಲೆಳೆದುಕೊಂಡು, ಹುಣಸೆಹಣ್ಣು ಹಚ್ಚಿ, ಉಕ್ಕಿನ ನಾರಿನಿಂದ ಗಸಗಸ ತಿಕ್ಕಿದಳು. ನೀಲಿ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ಅಡಿಯಲ್ಲಿ ಹಳದಿ ಪಟ್ಟಿ.

“ಏನ್ರೀ, ಸ್ವಲ್ಪ ಇಲ್ಲಿ ಬರ್ರಿ.”

ಕುಬೇರಪ್ಪ ಬಾಗಿಲಿಗೆ ಬಂದು ನೋಡಿದ. ಮುಖ ಬಿಳಚಿಕೊಂಡಿತು. ಮರುಕ್ಷಣ ಬಾಗಿಲಲ್ಲಿ ಅವನೇ ಇರಲಿಲ್ಲ! ರಸ್ತೆಯಾಚೆ ನಿಂತು ಫೋನಿನಲ್ಲಿ ಪೊಲೀಸರನ್ನು ಕೂಗಿ ಕರೆಯುವುದು ಕೇಳಿಸಿತು. ದ್ಯಾಮವ್ವ ಮಾತ್ರ, ಕೆಳಗಿಟ್ಟರೆ ಏನಾಗುವುದೋ ಎಂದು ಹೆದರಿ, ಅವರು ಬರುವವರೆಗೂ ತೊಡೆಯ ಮೇಲಿನ ರಾಕೆಟ್ಟು ಹಿಡಿದುಕೊಂಡೇ ಕೂತಿದ್ದಳು.

ಬಾಂಬು ತೆಗೆಯುವ ತಂಡ ಎಕ್ಸ್‌ರೇ ಹಿಡಿದು ನೋಡಿತು. ಒಳಗೆ ಬರೀ ಸಿಮೆಂಟು. ಮದ್ದಿನ ರಾಕೆಟ್ಟಿಗೆಂದು ಮಾಡಿದ ಕವಚಕ್ಕೇ ಸಿಮೆಂಟು ತುಂಬಿ, ಹಳದಿ ಪಟ್ಟಿಯ ಮೇಲೆಯೇ ನೀಲಿ ಬಳಿದು ತರಬೇತಿಗೆ ಬಳಸಿದ್ದರಂತೆ.

ಕುಬೇರಪ್ಪ ಎದೆಯುಬ್ಬಿಸಿ ಒಳಗೆ ಬಂದ. “ನೋಡಿದ್ಯಾ? ಮದ್ದಿಲ್ಲ ಅಂತ ನಾ ಹೇಳಿರಲಿಲ್ಲೇನು? ಇನ್ನಾದ್ರೂ ನನ್ನ ನಂಬ್ತೀಯೋ ಇಲ್ಲೋ?”

ದ್ಯಾಮವ್ವ ಹುಣಸೆ ಮೆತ್ತಿದ ಕೈ ತೊಳೆದುಕೊಳ್ಳುತ್ತಿದ್ದಳು.

“ರಾಕೆಟ್ಟಿನ ಸಂಶಯ ಹೋತು ಬಿಡ್ರಿ,” ಎಂದಳು. “ಓಡೂ ಮುಂದ ನೀವು ನನ್ನ ಒಂದ್ಸಲನೂ ಕರೀಲಿಲ್ಲ.”