ಮಾವನವರು ಉಳಿಸಿಟ್ಟ ಗ್ಯಾಸು

ಇವತ್ತು ಬೆಳಿಗ್ಗೆ ಕಾಫಿಗೆ ಹಾಲಿಟ್ಟ ಹೊತ್ತಿಗೆ ಸರಿಯಾಗಿ ನಮ್ಮ ಅಡುಗೆಮನೆಯ ಸಿಲಿಂಡರು ಕೈಕೊಟ್ಟಿತು. ತುಂಬಿದ ಇನ್ನೊಂದು ಸಿಲಿಂಡರು ಮೂಲೆಯಲ್ಲಿ ಕೂತೇ ಇತ್ತು. ಆದರೂ ನನ್ನ ಹೆಂಡತಿ ಗಿರಿಜಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಖಾಲಿಯಾದದ್ದನ್ನೇ ಎರಡೂ ಕೈಯಲ್ಲಿ ಹಿಡಿದು ಗಡಗಡ ಅಲ್ಲಾಡಿಸಿದಳು. ಒಲೆ ಮತ್ತೆ ಹತ್ತಿತು, ಹಾಲು ಉಕ್ಕಿತು. "ನೋಡಿದ್ರಾ, ತಳದಾಗೆ ಇನ್ನೂ ಇತ್ತು" ಎಂದು ಲೋಟ ಕೈಗಿತ್ತಳು. ಈ ವಿದ್ಯೆ ಅವಳಿಗೆ ತವರಿನಿಂದ ಬಂದದ್ದು. ಇದೇ ವಿದ್ಯೆಯನ್ನು ಅವರಪ್ಪ ಒಂದು ಕಾರಿನ ಮೇಲೆ ಪ್ರಯೋಗ ಮಾಡಿದಾಗ ಸ್ಟೇರಿಂಗ್ ಹಿಡಿದು ಕೂತಿದ್ದವನು ನಾನೇ.

ನಮ್ಮ ಚನ್ನಗಿರಿ, ಹೊನ್ನಾಳಿ ಕಡೆ ಗ್ಯಾಸು ಎನ್ನುವುದು ಮೂರು ತರಹ. ಒಲೆಯದು, ಹೊಟ್ಟೆಯದು, ಕಾರಿನ ಏಸಿಯದು. ಮೊದಲನೆಯದು ಉರಿದಷ್ಟೂ ಕರಗುತ್ತದೆ. ಎರಡನೆಯದು ಎಷ್ಟು ಹೋದರೂ ಮುಗಿಯುವುದಿಲ್ಲ. ಮೂರನೆಯದು ಪಾಪ, ಪೈಪಿನೊಳಗೆ ತನ್ನ ಪಾಡಿಗೆ ಸುತ್ತು ಹೊಡೆಯುತ್ತಾ ಇದ್ದಷ್ಟೇ ಇರುತ್ತದೆ. ಮೂರಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ನಮ್ಮ ಮಾವನವರು ಮಾತ್ರ ಆ ಹೆಸರನ್ನು ನಂಬಿ ಕೆಟ್ಟರು.

ಮಾವನವರದು ನ್ಯಾಮತಿ ಪೇಟೆಯಲ್ಲಿ ಬಟ್ಟೆ ಅಂಗಡಿ. "ಬೇಕಾದಾಗ ಇರ್ಲಿ" ಎಂಬುದು ಅವರು ದಿನಕ್ಕೆ ಹತ್ತಾರು ಸಲ ಆಡುವ ಮಾತು. ಅವರನ್ನು ಜುಗ್ಗರು ಅಂದುಕೊಳ್ಳಬೇಡಿ. ನೆಂಟರು ಬಂದರೆ ಹೋಳಿಗೆ ಮೇಲೆ ತುಪ್ಪದ ಹೊಳೆ ಹರಿಸುವ ಮನುಷ್ಯ. ಒಳ್ಳೆಯದನ್ನು ತಮಗಾಗಿ ಬಳಸಿಬಿಟ್ಟರೆ ನಾಳೆ ಯಾರಿಗೋ ಕಡಿಮೆ ಬೀಳುತ್ತದೆ ಎಂಬ ಭಯ, ಅಷ್ಟೇ. ಕಾರು ಕೊಂಡಾಗ ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಬಿಡಲಿಲ್ಲ. ಬೇಸಿಗೆಯಲ್ಲಿ ಅದರ ಮೇಲಿಂದ ಎದ್ದರೆ ಚರ್ಮದ ಒಂದು ಪದರ ಅಲ್ಲೇ ಉಳಿದುಹೋಯಿತೇನೋ ಅನ್ನಿಸುತ್ತಿತ್ತು. ಏಸಿಯನ್ನಂತೂ ಮುಟ್ಟುವ ಹಾಗೇ ಇರಲಿಲ್ಲ. ಅತ್ತೆ ಒಮ್ಮೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೇಳಿದ್ದರು. "ತಡಿ, ಬೀಗರು ಬಿಜ್ಜರು ಬಂದಾಗ ಬೇಕಾಗ್ತೈತೆ. ಸುಮ್ನೆ ಗ್ಯಾಸ್ ಯಾಕೆ ಉರಿಸಾದು?" ಎಂದರು ಮಾವ. ಅತ್ತೆ ಕಿಟಕಿ ಇಳಿಸಿಕೊಂಡರು.

ಆ ಗ್ಯಾಸು ಸೋರುತ್ತಿದೆ ಎಂದು ಕಾರು ತನಗೆ ತಿಳಿದ ಭಾಷೆಯಲ್ಲೆಲ್ಲ ಹೇಳಿತು. ಬಾನೆಟ್ಟಿನೊಳಗೆ ಪೈಪು ಕೂಡುವ ಕಡೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಮಾವ ಅದನ್ನು ಸೋಮವಾರಕ್ಕೊಮ್ಮೆ ಒರೆಸಿ, "ಕಂಪ್ನಿಯೋರು ಧಾರಾಳವಾಗಿ ಎಣ್ಣೆ ಹಾಕ್ಯಾರೆ" ಎಂದು ಮೆಚ್ಚಿಕೊಂಡರು. ನಾನೊಮ್ಮೆ ಕದ್ದು ಏಸಿ ಹಾಕಿದಾಗ ತಂಪು ಹೆಸರಿಗಷ್ಟೇ ಇತ್ತು. ಒಳಗಿನಿಂದ ಸಣ್ಣಗೆ ಸುಸ್ ಎಂಬ ಸದ್ದು ಬೇರೆ. ಕಂಪ್ರೆಸರು ಟಕ್ಕೆಂದು ಶುರುವಾಗುವುದು, ಟಕ್ಕೆಂದು ನಿಲ್ಲುವುದು. ಗ್ಯಾಸ್ ಕಡಿಮೆಯಾದಾಗ ಅದು ಹೀಗೇ ತಡವರಿಸುತ್ತದಂತೆ. ಅಷ್ಟರಲ್ಲಿ ಬಂದು ನನ್ನನ್ನು ಹಿಡಿದ ಮಾವ ಕಿವಿಗೊಟ್ಟು ಕೇಳಿ, "ನೋಡ್ರಿ ಅಳಿಯಂದ್ರೆ, ತಾನೇ ಆಫ್ ಆಗಿ ಉಳಿಸ್ತೈತೆ. ಗಾಡಿಗಿರೋ ಬುದ್ಧಿ ಮನುಷ್ಯರಿಗಿಲ್ಲ" ಎಂದರು. ಮನುಷ್ಯರು ಎಂದದ್ದು ನನ್ನನ್ನೇ.

ಹೀಗಿರುವಾಗ ಶೈಲಾಳ ಸಂಬಂಧ ಕೂಡಿ ಬಂತು. ಶೈಲಾ ನನ್ನ ನಾದಿನಿ, ಹೊನ್ನಾಳಿಯ ಒಂದು ಬ್ಯಾಂಕಿನಲ್ಲಿ ಕೆಲಸ. ಮೊದಲೇ ಎರಡು ಒಳ್ಳೆಯ ಸಂಬಂಧ ಬಂದಿದ್ದವು. ಎರಡಕ್ಕೂ ಮಾವ ಬೇಡ ಎನ್ನಲಿಲ್ಲ, "ಗಡಿಬಿಡಿ ಏನೈತೆ, ಮುಂದಿನ ವರ್ಷ ನೋಡಣ" ಎಂದರು. ಹುಡುಗರಿಗೆ ಗಡಿಬಿಡಿ ಇತ್ತು, ಬೇರೆ ಮನೆಯ ಅಳಿಯಂದಿರಾದರು. ಮಗಳನ್ನು ಕಳಿಸಿಕೊಡಲು ಅವರಿಗೆ ಜೀವ ಒಪ್ಪುತ್ತಿರಲಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಈ ಸಲ ಜಗಳೂರಿನ ಮೇಷ್ಟರನ್ನು ಶೈಲಾ ತಾನೇ ಮೆಚ್ಚಿದ್ದಳು. "ಇದೂ ಮುಂದಕ್ಕೆ ಹೋದ್ರೆ ನಾನು ಇನ್ನೊಬ್ಬರ ಮುಂದೆ ಕೂರಾಕಿಲ್ಲ ಅಕ್ಕ" ಎಂದು ಗಿರಿಜಾಳ ಹತ್ತಿರ ಹೇಳಿ ಅತ್ತಳಂತೆ.

ಹುಡುಗನ ಮನೆಯವರೆಲ್ಲ ಒಪ್ಪಿಯಾಗಿತ್ತು. ಉಳಿದವರು ಅವನ ಅಜ್ಜಿ ಒಬ್ಬರೇ, ಆದರೆ ಆ ಮನೆಯಲ್ಲಿ ಅವರು ಹೂಂ ಎನ್ನದೆ ಎಲೆ ಅಲ್ಲಾಡದು. ಹೆಣ್ಣಿನ ಮನೆಯನ್ನು ಕಣ್ಣಾರೆ ನೋಡಬೇಕು, ಆದರೆ ಈ ಬಿಸಿಲಿನಲ್ಲಿ ನ್ಯಾಮತಿಯವರೆಗೆ ಬರಲಾರೆ ಎಂದರು. ಮಾವನವರು ಇಷ್ಟು ವರ್ಷ ಕಾದಿದ್ದ ಗಳಿಗೆ ಅದು. ಫೋನಿನಲ್ಲಿ ಎದೆಯುಬ್ಬಿಸಿ, "ನಮ್ಮ ಕಾರ್ನಾಗೆ ಏಸಿ ಐತ್ರಿ. ಶಾಲು ಹೊದ್ಕೊಂಡು ಬರ್ರಿ, ಇಲ್ಲಾಂದ್ರೆ ಥಂಡಿ ಆಗ್ತೈತೆ" ಎಂದರು.

ಹಿರಿಯರು ಮಾತನ್ನು ಮಾತಿನಂತೆಯೇ ತೆಗೆದುಕೊಳ್ಳುತ್ತಾರೆ. ನಾವು ಜಗಳೂರು ಮುಟ್ಟಿದಾಗ ಅಜ್ಜಿ ಸ್ವೆಟರು ಹಾಕಿ, ಮೇಲೆ ಶಾಲು ಹೊದ್ದು, ಕಿವಿಗೆ ಹತ್ತಿ ಇಟ್ಟುಕೊಂಡು ತಯಾರಾಗಿದ್ದರು. ಹೊರಗೆ ಚೈತ್ರದ ಬಿಸಿಲು, ನಾಯಿಗಳು ಸಹ ನೆರಳು ಬಿಟ್ಟು ಏಳುತ್ತಿರಲಿಲ್ಲ. ಮಾವ ಕಿಟಕಿಗಳನ್ನೆಲ್ಲ ಏರಿಸಿ, ದೇವರ ಮುಂದೆ ದೀಪ ಹಚ್ಚುವ ಶ್ರದ್ಧೆಯಿಂದ ಏಸಿಯ ಗುಂಡಿ ಒತ್ತಿದರು. ಬಚ್ಚಲ ಒಲೆಯ ಬಾಯಿಂದ ಬರುವಂಥ ಗಾಳಿ ಮುಖಕ್ಕೆ ಬಡಿಯಿತು.

"ಸ್ವಲ್ಪ ತಡೀರಿ, ಬರ್ತೈತೆ" ಎಂದರು ಮಾವ. ಊರು ದಾಟಿದರೂ ಬರಲಿಲ್ಲ. ಗ್ಯಾಸ್ ಸೋರಿರಬಹುದು ಎಂದು ನಾನು ಮೆಲ್ಲಗೆ ಅಂದೆ. ಮಾವ ಡ್ಯಾಶ್‌ಬೋರ್ಡಿಗೆ ಮೂಗು ಹಚ್ಚಿ ಮೂಸಿದರು. "ವಾಸ್ನೇನೇ ಇಲ್ಲ. ಲೀಕ್ ಆಗಿದ್ರೆ ಗಬ್ಬಂತ ಬರ್ತಿರಲಿಲ್ವಾ?" ಎಂದರು. ಆಮೇಲೆ ಅವರಿಗೆ ಹೊಳೆಯಿತು. "ಮುಂದೆ ಹಂಪ್ ಬಂತು. ಸ್ವಲ್ಪ ಜೋರಾಗೇ ಎಗರಿಸ್ರಿ. ತಳದಾಗಿಂದು ಮ್ಯಾಲೆ ಬರ್ತೈತೆ."

ಮಾವನ ಮಾತು ಮೀರುವಂತಿಲ್ಲ. ನಮ್ಮ ರಸ್ತೆಗಳಲ್ಲಿ ಹಂಪಿಗೆ ಬರವೂ ಇಲ್ಲ. ಪ್ರತಿ ಹಳ್ಳಿಯಲ್ಲೂ ನಾವು ನಾಲ್ವರು, ಅಂದರೆ ನಾನು, ಮಾವ, ಅಜ್ಜಿ ಮತ್ತು ಅಜ್ಜಿಯ ಎಲೆಯಡಿಕೆ ಚೀಲ, ಒಟ್ಟಿಗೇ ಮೇಲಕ್ಕೆ ಹಾರಿ ಒಟ್ಟಿಗೇ ಕೆಳಗೆ ಬೀಳುತ್ತಿದ್ದೆವು. ಇಳಿದ ಕೂಡಲೇ ಮಾವ ಹಿಂದೆ ತಿರುಗಿ, "ಈಗ ಹೆಂಗೈತ್ರಿ?" ಎಂದು ಕೇಳುವರು. ಅಜ್ಜಿಯ ಹಣೆಯ ವಿಭೂತಿ ಬೆವರಲ್ಲಿ ಕರಗಿ ಗಲ್ಲಕ್ಕಿಳಿದಿತ್ತು. ಆದರೂ ಶಾಲು ತೆಗೆಯದೆ, "ತಂಪೈತೆ ಬಿಡ್ರಿ, ಬಾಳ ತಂಪೈತೆ" ಎನ್ನುವರು. ಬೀಗರ ಮರ್ಯಾದೆ ಕಾಯಲು ಒಬ್ಬ ಮನುಷ್ಯ ಇಷ್ಟು ಬೇಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೊನ್ನಾಳಿಯಲ್ಲಿ ನನಗೇ ತಡೆಯಲಾಗದೆ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಅಜ್ಜಿಯನ್ನು ನೆರಳಲ್ಲಿ ಕೂರಿಸಿ ನಿಂಬೆ ಸೋಡಾ ಕೊಡಿಸಿದೆವು. ಮೆಕ್ಯಾನಿಕ್ಕು ಬಾಯಿ ಜೋರಿನ ಆಸಾಮಿ, ಬಾನೆಟ್ ಎತ್ತುವ ಮೊದಲೇ ಬಯ್ಯಲು ಶುರು ಮಾಡಿದ. ಎಣ್ಣೆ ಜಿನುಗಿದ ಜಾಯಿಂಟಿಗೆ ಸೋಪಿನ ನೊರೆ ಬಳಿದ. ಗುಳ್ಳೆ ಒಂದೊಂದೇ ಎದ್ದು ಒಡೆಯಿತು. "ಗ್ಯಾಸ್ ಹೋಗೈತೆ. ಈ ಗ್ಯಾಸಿಗೆ ಒಲೆ ಗ್ಯಾಸಿನಂಗೆ ವಾಸ್ನೆ ಇರಾಕಿಲ್ರೀ."

"ನಾನು ಬಳಸೇ ಇಲ್ವಲ್ಲಪ್ಪ" ಎಂದರು ಮಾವ.

"ಅದಕ್ಕೇ ಹೋಗೈತೆ."

ಆಮೇಲೆ ಅವನು ವಿವರಿಸಿದ್ದರ ಸಾರ ಇಷ್ಟು. ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುತ್ತದೆ. ಏಸಿ ಓಡಿದರೆ ಜಾಯಿಂಟಿನ ರಬ್ಬರು ಬಳೆಗಳಿಗೆ ಎಣ್ಣೆ ತಾಗಿ ಅವು ಮೆತ್ತಗಿರುತ್ತವೆ. ಓಡಿಸದಿದ್ದರೆ ಒಣಗಿ ಬಿರುಕು ಬಿಡುತ್ತವೆ. ಮಳೆಯಿರಲಿ, ಚಳಿಯಿರಲಿ, ವಾರಕ್ಕೆ ಹತ್ತು ನಿಮಿಷ ಹಾಕಲೇಬೇಕು. ಸೋರುವುದನ್ನು ರಿಪೇರಿ ಮಾಡದೆ ಗ್ಯಾಸ್ ತುಂಬಿಸುವುದೂ ದಂಡ, ತೂತು ಕೊಡಕ್ಕೆ ನೀರು ಹೊಯ್ದಂತೆ. ಬಳೆ ಬದಲಿಸಲು ಎರಡು ದಿನ ಕಾರು ಬಿಡಬೇಕೆಂದ. ಕಿಟಕಿ ಇಳಿಸಿಕೊಂಡು ಹೊರಟೆವು. ಮಾವ ನ್ಯಾಮತಿಯವರೆಗೆ ತುಟಿ ಬಿಚ್ಚಲಿಲ್ಲ. ಅಜ್ಜಿ ಸ್ವೆಟರು ಬಿಚ್ಚಿದರು.

ಮನೆಯಲ್ಲಿ ಅಜ್ಜಿ ಮಜ್ಜಿಗೆ ಕುಡಿದು, ಶೈಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನೇನೋ ಕೇಳಿದರು. ಕೊನೆಗೆ, "ಹುಡುಗಿ ನನಗೆ ಹಿಡಿಸ್ತು. ಲಗ್ನ ಯಾವಾಗ ಇಟ್ಕಳಣ ಬೀಗರೇ?" ಎಂದರು. ಮಾವನ ಬಾಯಿಂದ ಅಭ್ಯಾಸಬಲದಿಂದ ಅದೇ ಮಾತು ಬಂತು. "ಗಡಿಬಿಡಿ ಏನೈತ್ರಿ, ಮುಂದಿನ ವರ್ಷ..."

"ಅಪ್ಪಾ" ಎಂದಳು ಶೈಲಾ. ಗ್ಯಾರೇಜಿನ ಕಥೆಯನ್ನು ನಾನು ಆಗಲೇ ಅಡುಗೆಮನೆಯಲ್ಲಿ ಹೇಳಿಯಾಗಿತ್ತು. "ನಾನು ಗ್ಯಾಸಲ್ಲಪ್ಪ, ಉಳಿಸಿಡಾಕೆ."

ಮೊದಲು ನಕ್ಕವರು ಅಜ್ಜಿ, ಶಾಲಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮಾವ ಮಗಳ ಮುಖವನ್ನೇ ಬಹಳ ಹೊತ್ತು ನೋಡಿದರು. "ಈ ಬ್ಯಾಸಿಗಿ ಒಳಗೇ ಆಗ್ಲಿ ಬಿಡ್ರಿ" ಎಂದು ಎದ್ದು ಹಿತ್ತಲಿಗೆ ಹೋದರು. ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದರು.

ಶೈಲಾಳ ಲಗ್ನ ಆ ಬೇಸಿಗೆಯಲ್ಲೇ ಆಯಿತು, ಕಾರಿನ ರಬ್ಬರು ಬಳೆಗಳೂ ಬದಲಾದವು. ಇವತ್ತು ಭಾನುವಾರ. ಕಾಫಿ ಮುಗಿಸಿ ನಾವು ನ್ಯಾಮತಿಗೆ ಬಂದಿದ್ದೇವೆ, ಇದನ್ನು ಬರೆಯುತ್ತಿರುವುದು ಮಾವನ ಮನೆಯ ಜಗಲಿಯಲ್ಲಿ ಕೂತು. ಬೆಳಗಿನಿಂದ ಜಿಟಿಜಿಟಿ ಮಳೆ, ಮೈಕೊರೆಯುವ ಥಂಡಿ. ಮಾವ ವಾರದ ಹತ್ತು ನಿಮಿಷಕ್ಕೆ ಮಂಕಿಕ್ಯಾಪು ಹಾಕಿಕೊಂಡು ಕಾರು ತೆಗೆದರು. ಅಷ್ಟರಲ್ಲಿ ಅತ್ತೆ ಒಳಗಿಂದ ಬಂದರು. ಉಟ್ಟಿದ್ದು ಮೊಳಕಾಲ್ಮೂರು ರೇಷ್ಮೆ, ತಮ್ಮ ಮದುವೆಯಲ್ಲಿ ಮಾವ ಉಡಿಸಿದ್ದು, ನಾನಂತೂ ಅದನ್ನು ಇವತ್ತಿನವರೆಗೆ ನೋಡಿರಲಿಲ್ಲ.

"ಎಲ್ಲಿಗೆ ಅತ್ತೆ, ಯಾರದಾದರೂ ಮದುವೆಯಾ?" ಎಂದೆ.

"ಎಲ್ಲಿಗೂ ಇಲ್ಲಪ್ಪ. ಹಿಂಗೇ, ಒಂದು ಸುತ್ತು."

ಮಡಿಕೆ ಬಿದ್ದ ಕಡೆಯಲ್ಲೆಲ್ಲ ಸೀರೆ ಸೀಳಿತ್ತು. ಅತ್ತೆ ಆದಷ್ಟನ್ನು ನೆರಿಗೆಯೊಳಗೆ ಮರೆಮಾಡಿದ್ದರು. ಮಾವ ಜೀವಮಾನವಿಡೀ ಬಟ್ಟೆ ಮಾರಿದವರು, ಕಾಣದೇ ಇರುತ್ತದೆಯೇ? ಸೀಳನ್ನು ಬೆರಳಿನಿಂದ ಸವರಿ, "ಹೊಸದು ತರಣ" ಎಂದರು.

"ಬ್ಯಾಡ. ಇದನ್ನೇ ಉಡ್ತೀನಿ, ಪೂರಾ ಹರಿಯಾ ತನಕ."

ಮಾವ ಮುಂದಿನ ಬಾಗಿಲು ತೆಗೆದು ಹಿಡಿದುಕೊಂಡರು. ಅತ್ತೆ ಕೂತರು, ಕಿಟಕಿಗಳು ಏರಿದವು, ಕಾರು ಹೋಯಿತು. ಗಿರಿಜಾ ಎರಡು ಸಲ ಸಾರು ಬಿಸಿ ಮಾಡಿದ್ದಾಳೆ. ಹತ್ತು ನಿಮಿಷಕ್ಕೆಂದು ಹೋದವರು ಇನ್ನೂ ಬಂದಿಲ್ಲ.