ನಕ್ಷೆಯಲ್ಲಿ ಇಲ್ಲದ ಮಗ್ಗದ ಗುಂಡಿ

2019ರಲ್ಲಿ, ಕೊಳ್ಳೇಗಾಲದಲ್ಲಿ ಸ್ವಂತ ಕಚೇರಿ ತೆರೆದು ನನಗೆ ನಾಲ್ಕನೇ ವರ್ಷ. ನಾನು ಸಿವಿಲ್ ಇಂಜಿನಿಯರ್. ಮನೆಗಳ ನಕ್ಷೆ ಬರೆದು, ಪಾಯದಿಂದ ತಾರಸಿಯವರೆಗೆ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಹನೂರು, ಯಳಂದೂರುಗಳಿಂದಲೂ ಜನ ಬರುತ್ತಿದ್ದರು. ಇಲ್ಲಿರುವ ಅಳತೆಗಳನ್ನು ನನ್ನ ದಿನಚರಿಯಿಂದ ತೆಗೆದುಕೊಂಡಿದ್ದೇನೆ, ನೆನಪಿನಿಂದ ಅಲ್ಲ. ಅದು ಯಾಕೆಂದು ಮುಂದೆ ತಿಳಿಯುತ್ತದೆ.

ಆ ವರ್ಷದ ಆರಂಭದಲ್ಲಿ ಯಳಂದೂರಿನ ವಿಮಾ ಏಜೆಂಟ್ ಸಿದ್ದರಾಜು ನನ್ನಿಂದ ಒಂದು ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಮಾಡಿಸಿದ್ದರು. ನಮ್ಮ ವೃತ್ತಿಯ ಕೆಲಸದಲ್ಲಿ ಅಜಾಗರೂಕತೆಯಿಂದ ತಪ್ಪಾಗಿ ಬೇರೆಯವರಿಗೆ ನಷ್ಟವಾದರೆ, ಆ ಪರಿಹಾರವನ್ನು ವಿಮಾ ಕಂಪನಿ ಭರಿಸುವ ಏರ್ಪಾಡು ಇದು. ಎರಡನೇ ವರ್ಷ ನಾನು ಅದನ್ನು ಬಿಟ್ಟುಬಿಡಲು ಹೊರಟಿದ್ದೆ. ನನ್ನ ಲೆಕ್ಕಾಚಾರ ತಪ್ಪುವುದಿಲ್ಲವೆಂಬ ಧೈರ್ಯವೋ ಜಂಬವೋ, ಈಗ ಹೇಳಲಾರೆ. ಸಿದ್ದರಾಜು ಬಸ್ಸು ಹತ್ತಿ ಬಂದೇಬಿಟ್ಟರು. ಇದು ‘ಕ್ಲೇಮ್ಸ್ ಮೇಡ್’ ಪಾಲಿಸಿ. ತಪ್ಪು ನಡೆದ ದಿನ ಪಾಲಿಸಿ ಇದ್ದರೆ ಸಾಲದು, ಜನ ಪರಿಹಾರ ಕೇಳಿ ಬಂದ ದಿನವೂ ಜೀವಂತವಾಗಿರಬೇಕು, ನಡುವೆ ಕಡಿಯಬಾರದು ಎಂದು ವಿವರಿಸಿದರು.

“ಇವತ್ತು ಕಟ್ಟಿದ ಮನೆ ಇವತ್ತೇ ಬಿರುಕು ಬಿಡ್ತದಾ ಮೇಡಂ?” ಎಂದು ಕೇಳಿದರು. ನಾನು ನಗುತ್ತಲೇ ಸಹಿ ಹಾಕಿದೆ. ಮುಂದಿನ ವರ್ಷಗಳಲ್ಲೂ ತಪ್ಪದೆ ನವೀಕರಿಸಿದೆ.

ಅದೇ 2019ರಲ್ಲಿ ರೇಷ್ಮೆ ಸೀರೆ ನೇಯುವ ರಾಮಲಿಂಗಣ್ಣ, ಚೌಡಮ್ಮ ದಂಪತಿಗೆ ಕೊಳ್ಳೇಗಾಲದಲ್ಲೇ ಒಂದು ಮನೆ ವಿನ್ಯಾಸ ಮಾಡಿದ್ದೆ. ಮುಂದಿನ ಕೋಣೆ ಹದಿನಾಲ್ಕು ಅಡಿಗೆ ಹದಿನೆಂಟು ಅಡಿ. ನಕ್ಷೆಯಲ್ಲಿ ಅದಕ್ಕೆ ‘ಹಾಲ್’ ಎಂದು ಬರೆದೆ. ನೇಕಾರರ ಮನೆಯ ಹಾಲ್‌ನಲ್ಲಿ ಸೋಫಾ ಬರುವುದಿಲ್ಲ, ಮಗ್ಗ ಬರುತ್ತದೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ವಾಸದ ಮನೆಯ ನಕ್ಷೆಯಲ್ಲಿ ಎಲ್ಲರೂ ಹಾಲ್ ಎಂದೇ ಬರೆಯುತ್ತಿದ್ದೆವು. ಗುಂಡಿ ಮಗ್ಗಕ್ಕೆ ನೆಲದಲ್ಲಿ ಗುಂಡಿ ತೋಡಬೇಕು. ನೇಯುವವರು ಅದರೊಳಗೆ ಕಾಲಿಳಿಬಿಟ್ಟು ಕೂರುತ್ತಾರೆ. ಗೃಹಪ್ರವೇಶ ಮುಗಿದ ಮೇಲೆ, ಒಳ್ಳೆಯ ದಿನ ನೋಡಿ, ಮನೆಯವರೇ ಅದನ್ನು ತೋಡಿಕೊಳ್ಳುತ್ತಾರೆ. ಆ ಹೊತ್ತಿಗೆ ಇಂಜಿನಿಯರ್ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಹೋಗಿಯಾಗಿರುತ್ತದೆ.

2023ರ ಮಳೆಗಾಲದಲ್ಲಿ ಚೌಡಮ್ಮ ಫೋನ್ ಮಾಡಿದರು. ಹೋಗಿ ನೋಡಿದರೆ ಹಾಲ್‌ನ ಒಳಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಅದರ ಮೇಲೆ ಕುಳಿತಿದ್ದ ತಾರಸಿಯಲ್ಲೂ ಒಂದು ಗೆರೆ ಓಡಿತ್ತು. ಗೋಡೆಗೆ ಒಂದು ಗೇಣು ದೂರದಲ್ಲಿ ಮಗ್ಗದ ಗುಂಡಿ, ಆಳ ಮೂರಡಿ. ಆ ಒಳಗೋಡೆಯ ಪಾಯವನ್ನು ನಾನು ಮನೆಯ ನೆಲದಿಂದ ಎರಡೇ ಅಡಿ ಕೆಳಗೆ ನಿಲ್ಲಿಸಿದ್ದೆ. ಗುಂಡಿ ಪಾಯಕ್ಕಿಂತ ಆಳಕ್ಕೆ ಇಳಿದಿತ್ತು. ತೇವಕ್ಕೆ ಮಣ್ಣು ಜರುಗಿ, ಗೋಡೆ ಕುಸಿಯತೊಡಗಿತ್ತು.

ಮೊದಲು ತಾರಸಿಗೆ ಆಸರೆ ಕಂಬ ಕೊಡಿಸಿದೆ. ಮನೆಯವರೆಲ್ಲ ಧನಗೆರೆಯ ನೆಂಟರ ಮನೆಗೆ ಹೋಗಿರಲು ಹೇಳಿದೆ. ತಪ್ಪು ಯಾರದು ಎಂಬುದರ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಕಂಪನಿಗೆ ಕೂಡಲೇ ತಿಳಿಸಬೇಕು, ಅದರ ಒಪ್ಪಿಗೆಯಿಲ್ಲದೆ ಯಾರೆದುರೂ ಹೊಣೆ ಒಪ್ಪಿಕೊಳ್ಳಬಾರದು ಎಂಬುದು ಪಾಲಿಸಿಯ ಷರತ್ತು. ನಮ್ಮ ಕಡೆ ಇಂಥ ಮೌನ ಸೊಕ್ಕಿನಂತೆ ಕಾಣುತ್ತದೆ.

“ಮನೆ ಕಟ್ಟುವಾಗ ಅಷ್ಟ್ ಮಾತಾಡೋರು, ಈಗ ತುಟಿ ಹೊಲ್ಕಂಡ್ರಲ್ಲ ಇಂಜಿನಿಯರಮ್ಮ,” ಎಂದರು ರಾಮಲಿಂಗಣ್ಣ. ಅಂದೇ ಕಂಪನಿಗೆ ವಿಷಯ ತಿಳಿಸಿದೆ.

ವಾರದಲ್ಲಿ ಮೈಸೂರಿನಿಂದ ಕಂಪನಿಯ ಸರ್ವೇಯರ್ ಬಂದರು. ನಷ್ಟವನ್ನೂ ಕಾರಣವನ್ನೂ ಪರಿಶೀಲಿಸುವ ಅಧಿಕಾರಿ ಅವರು. ಗುಂಡಿ ಎಲ್ಲಿ ತೋಡಬೇಕೆಂದು ಮನೆಯವರಿಗೆ ಹೇಳಿದ್ದಿರಾ ಎಂದು ಕೇಳಿದರು. ಹೇಳಿದ್ದೆ, ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನಿಸಲೇ ಇಲ್ಲ. ಗೃಹಪ್ರವೇಶದ ದಿನ ಬಾಗಿಲ ಬಳಿ ನಿಂತು, ಗೋಡೆಯಿಂದ ಐದಡಿ ಬಿಟ್ಟು ತೋಡಿ ಎಂದು ಕೈಯಗಲಿಸಿ ತೋರಿಸಿದ್ದು ಕಣ್ಣಿಗೆ ಕಟ್ಟಿದಂತಿತ್ತು.

ಸರ್ವೇಯರ್, ನೆಂಟರ ಮನೆಯಿಂದ ಬಂದಿದ್ದ ರಾಮಲಿಂಗಣ್ಣನ ಕಡೆ ತಿರುಗಿದರು. ಅವರು ಹೆಂಡತಿಯ ಮುಖ ನೋಡಿದರು.

“ಅವ್ರು ಏಳಿದ್ರೆ ಏಳಿರ್ತಾರೆ ಕಣ್ಸಾ. ಓದ್ದೋರು. ನಮ್ಗೆ ನೆಪ್ಪಿಲ್ಲ,” ಎಂದರು.

“ಮನೆ ಒಕ್ಕಲಾದ ಸಂಭ್ರಮ ಸಾ. ಯಾರ್ ಏನಂದ್ರೋ,” ಎಂದು ಚೌಡಮ್ಮನೂ ತಲೆ ಬಗ್ಗಿಸಿದರು.

ಮರುದಿನ ಲಿಖಿತ ಹೇಳಿಕೆಗೆ ಸಹಿ ಹಾಕಬೇಕಿತ್ತು. ಗೃಹಪ್ರವೇಶಕ್ಕೆ ಹೋದ ದಿನಾಂಕ ಹಾಕಲೆಂದು ಅಂದು ರಾತ್ರಿ 2019ರ ದಿನಚರಿ ತೆರೆದೆ. ಚೌಡಮ್ಮನ ಮನೆಗೆ ಕೊನೆಯ ಸಲ ಹೋದ ದಿನದ ಪುಟದಲ್ಲಿ ಇದ್ದುದು ಇಷ್ಟೇ: ‘ಹಾಲ್ ನೆಲ ಚೆನ್ನಾಗಿದೆ. ಒಬ್ಬಟ್ಟಿನ ಊಟ.’ ಒಂಬತ್ತು ದಿನದ ನಂತರದ ಪುಟ ಕಾಮಗೆರೆಯಲ್ಲಿ ನೋಡಿದ ಇನ್ನೊಂದು ಮನೆಯದು. ‘ಶೌಚದ ಗುಂಡಿ ಗೋಡೆಯಿಂದ ಐದಡಿ ಬಿಟ್ಟು ತೋಡಲು ಹೇಳಿದೆ,’ ಎಂದು ಅಲ್ಲಿ ಬರೆದಿತ್ತು.

ನಾನು ಕೈಯಗಲಿಸಿ ನಿಂತದ್ದು ನಿಜ. ಆದರೆ ನಿಂತದ್ದು ಬೇರೆ ಊರಿನಲ್ಲಿ, ಬೇರೆಯವರ ಬಾಗಿಲಲ್ಲಿ. ನನಗೆ ಬೇಕಾದ ಜಾಗಕ್ಕೆ ನೆನಪು ಆ ಗುಂಡಿಯನ್ನು ಹೊತ್ತು ತಂದಿತ್ತು. ಚೌಡಮ್ಮನನ್ನು ನಾನು ಎಚ್ಚರಿಸಿರಲಿಲ್ಲ, ಮಗ್ಗ ಎಲ್ಲಿ ಇಡುತ್ತೀರೆಂದೂ ಕೇಳಿರಲಿಲ್ಲ.

ಸಿದ್ದರಾಜುಗೆ ಫೋನ್ ಮಾಡಿದೆ. ಇದನ್ನು ತೋರಿಸಿದರೆ ಹೊಣೆ ಒಪ್ಪಿಕೊಂಡಂತೆ, ಪಾಲಿಸಿ ರದ್ದಾಗಬಹುದು, ಹೆಸರೂ ಹೋಗುತ್ತದೆ ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮನೆಯವ್ರ ಮುಂದೆ ಒಪ್ಕಬೇಡಿ ಅಂತ ಬರ್ದವ್ರೆ. ಕಂಪನಿ ಮುಂದೆ ಮುಚ್ಚಿಡಿ ಅಂತ ಎಲ್ ಬರ್ದವ್ರೆ ಮೇಡಂ?” ಎಂದರು. ಆಮೇಲೆ, “ನಿಮ್ದು ತಪ್ಪಿಲ್ಲ ಅಂದ್ರೆ ಕಂಪನಿ ಆ ಯಮ್ಮನ್ಗೆ ಯಾಕ್ ಕೊಡ್ತದೆ? ತಪ್ಪಾದ್ರೇ ತಾನೆ ಈ ಪಾಲಿಸಿ ಇರೋದು?”

ಐದು ವರ್ಷ ಪಾಲಿಸಿ ಇಟ್ಟುಕೊಂಡಿದ್ದರೂ ಇಷ್ಟು ಸರಳವಾದದ್ದು ನನಗೆ ಅರ್ಥವಾಗಿರಲಿಲ್ಲ. ನಾನು ನಿರಪರಾಧಿ ಎಂದು ಸಾಬೀತಾಗಿದ್ದರೆ ಕಂಪನಿ ನನ್ನ ಪರ ವಾದಿಸಿ, ಕಡತ ಮುಚ್ಚುತ್ತಿತ್ತು. ಗುಂಡಿ ತೋಡಿದವರದೇ ತಪ್ಪು ಎಂದಾಗಿ, ಆಸರೆ ಕಂಬದ ಕೆಳಗೆ ಚೌಡಮ್ಮನ ಮನೆ ಹಾಗೆಯೇ ನಿಂತಿರುತ್ತಿತ್ತು. ನನ್ನ ತಪ್ಪು ನೆನಪಿಗೆ ಅವರ ಸಭ್ಯತೆಯೂ ಸೇರಿ ಅವರ ಮನೆಯನ್ನೇ ಬಲಿ ಕೊಡುವುದರಲ್ಲಿತ್ತು.

ಮರುದಿನ ಎರಡೂ ಪುಟಗಳನ್ನು ಸರ್ವೇಯರ್ ಮುಂದಿಟ್ಟೆ. ಅವರು ಓದಿ, ಕನ್ನಡಕ ತೆಗೆದು, ಒಬ್ಬಟ್ಟಿನ ವಿಷಯವನ್ನು ವರದಿಗೆ ಸೇರಿಸುವುದಿಲ್ಲ ಎಂದರು. ಎಷ್ಟೋ ದಿನಗಳ ಮೇಲೆ ನಾನು ನಕ್ಕದ್ದು ಅಂದೇ. ಕೆಲಸ ಪಾಲಿಸಿಯ ಅವಧಿಯೊಳಗಿನದು, ತಿಳಿಸಿದ್ದು ತಡವಾಗಿರಲಿಲ್ಲ, ತಪ್ಪು ಉದ್ದೇಶಪೂರ್ವಕವಲ್ಲ. ಕಂಪನಿ ಹೊಣೆ ಒಪ್ಪಿತು. ಪಾಲಿಸಿಯಂತೆ ನಾನು ಭರಿಸಬೇಕಾದ ಭಾಗವನ್ನು ಭರಿಸಿದೆ. ಗೋಡೆಯ ಕೆಳಗೆ ಹೊಸ ಪಾಯ ಕೂತು, ಎರಡೂವರೆ ತಿಂಗಳಿಗೆ ಅವರು ಮನೆಗೆ ಮರಳಿದರು.

ಈಗ ನನ್ನ ನಕ್ಷೆಗಳಲ್ಲಿ ಮಗ್ಗ ಬರುವ ಜಾಗಕ್ಕೆ ಮಗ್ಗ ಎಂದೇ ಬರೆಯುತ್ತೇನೆ, ಗುಂಡಿಯ ಅಳತೆ ಸಮೇತ. ಹೇಳಿದ ಮಾತನ್ನು ಅಲ್ಲಿಯೇ ಬರೆದು, ಮನೆಯವರ ಸಹಿ ಪಡೆಯುತ್ತೇನೆ. ಪಾಲಿಸಿ ನನ್ನ ತಪ್ಪಿನ ಭಾರ ಹೊರಬಹುದು; ಅದು ತಪ್ಪೆಂದು ಗುರುತಿಸುವ ಕೆಲಸ ಮಾತ್ರ ನನ್ನದೇ.

ಹೊಸ ಗುಂಡಿ ತೋಡುವ ದಿನ ಚೌಡಮ್ಮ ನನ್ನನ್ನು ಕರೆಸಿದರು. ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿಟ್ಟಿದ್ದರು. ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು.

“ಗೆರೆ ನೀವೇ ಎಳೀರಿ ಇಂಜಿನಿಯರಮ್ಮ,” ಎಂದರು. “ಆಮೇಕೆ ನೀವೂ ನೆಪ್ಪು ಮಾಡ್ಕಬೇಕಾಗಿಲ್ಲ, ನಾವೂ ಮಾಡ್ಕಬೇಕಾಗಿಲ್ಲ.”

ಟೇಪ್ ಹಿಡಿದು, ಗೋಡೆಯಿಂದ ಐದಡಿ ಅಳೆದು, ನೆಲದ ಮೇಲೆ ಗೆರೆ ಎಳೆದೆ.