ತೂಕದ ಮುಂದಿನ ಸಣ್ಣ ಗೆರೆ

ಇವತ್ತು ಬೆಳಗ್ಗೆ ನನ್ನ ಮಗಳ ಮಗುವಿಗೆ ನಾನೇ ನೀರು ಹುಯ್ದೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಎರಡೂ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಹುಯ್ದೆ. ಆಮೇಲೆ ಮಗುವನ್ನು ಮಗಳ ಕೈಗೆ ಕೊಟ್ಟು, ಯಾರ ಕೈಯನ್ನೂ ಹಿಡಿಯದೆ, ಗೋಡೆಯನ್ನೂ ಮುಟ್ಟದೆ, ನೆಲದಿಂದ ಎದ್ದು ನಿಂತೆ. ಹೆಣ್ಣು ಮಗು. ಇಂದಿಗೆ ಹನ್ನೆರಡು ದಿನ. ಹೊಕ್ಕಳಬಳ್ಳಿ ನಿನ್ನೆ ಉದುರಿತು, ಅದಕ್ಕೇ ಇವತ್ತು ಮೊದಲ ನೀರು. ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷವಾದ ಮೇಲೆ ಹುಟ್ಟಿದ ಮಗು. ಯಾರಿಗೆ ಹೇಳಲಿ ಯಾರಿಗೆ ಬಿಡಲಿ ಅನ್ನುವ ಹಾಗಾಗಿದೆ ನನಗೆ. ಡೇರಿಗೆ ಹಾಲು ಹಾಕಲು ಹೋದಾಗ ಅಲ್ಲಿ ಕ್ಯಾನು ಹಿಡಿದು ನಿಂತಿದ್ದವರಿಗೆಲ್ಲ ಹೇಳಿದೆ. ಒಬ್ಬಳು, "ಮಗೀಗೆ ನೀರ್ ಉಯ್ಯೋದೇನ್ ದೊಡ್ ಇಸ್ಯ ಕಣಕ್ಕ" ಅಂದಳು. ಅವಳ ಮಂಡಿ ಚೆನ್ನಾಗಿದೆ, ಅದಕ್ಕೆ ಹಾಗಂದಳು.

ಇಷ್ಟು ಸಂತೋಷದ ಒಳಗೆ ಒಂದು ಮುಳ್ಳು ಕೂತಿದೆ. ಅದನ್ನೂ ಹೇಳಿಬಿಡುತ್ತೇನೆ. ಹೇಳದಿದ್ದರೆ ಸಂತೋಷವೂ ಅರ್ಧಂಬರ್ಧವಾಗುತ್ತದೆ.

ಹೋದ ವರ್ಷ ನನಗೆ ನೆಲಕ್ಕೆ ಕೂರಲು ಆಗುತ್ತಿರಲಿಲ್ಲ. ಕೂತರೆ ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಬೇಕಿತ್ತು. ಎಪ್ಪತ್ತೆಂಟು ಕೆಜಿ ಇದ್ದೆ. ಹುಣಸೂರಿನ ಡಾಕ್ಟರು ಮಂಡಿಯ ಫೋಟೋ ನೋಡಿ, "ಮೊದಲು ತೂಕ ಇಳಿಸಿಕೊಂಡು ಬನ್ನಿ" ಅಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಎಚ್.ಡಿ. ಕೋಟೆಯಿಂದ ಮಗಳು ಫೋನ್ ಮಾಡಿ, "ಅವ್ವ, ಮೂರ್ ತಿಂಗಳು" ಅಂದಳು. ಫೋನ್ ಇಟ್ಟವಳು ಅಲ್ಲೇ ನಿರ್ಧಾರ ಮಾಡಿದೆ. ನಮ್ಮ ಬೀದಿಯಲ್ಲಿ ಹುಟ್ಟಿದ ಅರ್ಧ ಮಕ್ಕಳಿಗೆ ನೀರು ಹುಯ್ದ ಕಾಲು ನನ್ನದು. ನನ್ನ ಮಗಳ ಮಗುವಿಗೆ ಬೇರೆ ಯಾರನ್ನೋ ಕರೆಸಿ, ನಾನು ಕುರ್ಚಿಯ ಮೇಲೆ ಕೂತು ನೋಡುವುದೇ? ಅದಾಗದು ಅಂದುಕೊಂಡೆ. ಆರು ತಿಂಗಳು ಟೈಮಿತ್ತು.

ಬೆಳಗ್ಗೆ ಸಂಜೆ ನಾಲೆ ಏರಿಯ ಮೇಲೆ ನಡೆದೆ. ಎರಡು ಮುದ್ದೆ ಉಣ್ಣುತ್ತಿದ್ದವಳು ಒಂದಕ್ಕೆ ಇಳಿದೆ, ಆಮೇಲೆ ಅರ್ಧಕ್ಕೆ. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪಿನ ಮೂಟೆ, ಅಂದರೆ ಬೇಲ್, ತೂಗಲು ಒಂದು ಕರೆಂಟಿನ ತಕ್ಕಡಿ ಇದೆ. ನೆಲದ ಮೇಲೆ ಕಬ್ಬಿಣದ ಹಲಗೆ, ಪಕ್ಕದ ಕಂಬದಲ್ಲಿ ಕೆಂಪು ನಂಬರು. ಪ್ರತಿ ಸೋಮವಾರ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದೆ. ಎರಡು ತಿಂಗಳಿಗೆ ಎಪ್ಪತ್ತೆರಡಕ್ಕೆ ಬಂದೆ. ಎದುರು ಸಿಕ್ಕಿದವರೆಲ್ಲ "ಏನಕ್ಕ, ಇಂಗ್ ಇಳ್ದೋಗಿದ್ದೀರಿ, ಶುಗರ್ ಬಂತಾ?" ಅಂತ ಕೇಳುತ್ತಿದ್ದರು. ಕೇಳಲಿ ಅಂತ ನಗುತ್ತಿದ್ದೆ. ಆದರೆ ಕೊಡ ಎತ್ತಲು ಹೋದರೆ ಕೈ ನಡುಗುತ್ತಿತ್ತು. ನೆಲದಿಂದ ಏಳುವುದು ಮೊದಲು ಹೇಗಿತ್ತೋ ಹಾಗೇ ಇತ್ತು.

ಅದರ ಕಾರಣ ಕಂಡುಹಿಡಿದವಳು ನನ್ನ ಮಗನ ಮಗಳು. ಹುಣಸೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ, ಅಲ್ಲಿ ಭಾರ ಎತ್ತುವ ಆಟದಲ್ಲಿದ್ದಾಳೆ. ಒಂದು ಸಂಜೆ ನನ್ನ ಮುಂದೆ ಕುರ್ಚಿ ಹಾಕಿ, "ಅಜ್ಜಿ, ಕೈ ಊರ್ದಂಗೆ ಎದ್ದೇಳು ನೋಡಾನ" ಅಂದಳು.

ಏಳಲಾಗಲಿಲ್ಲ.

"ನೋಡ್ದಾ? ಆರ್ ಕೆಜಿ ಇಳ್ಸಿದ್ದೀಯ, ಏಳಕ್ಕಾಯ್ತಿಲ್ಲ. ಬರೀ ಉಪವಾಸ ಇದ್ರೆ ಕೊಬ್ಬಿನ್ ಜೊತೆ ತೋಳು ತೊಡೆ ಕಂಡಾನೂ ಕರಗೋಯ್ತದೆ. ನಾಳೆಯಿಂದ ನೀನು ತೂಕ ಎತ್ತಬೇಕು."

"ತೂಕ ಇಳ್ಸು ಅಂತ ಡಾಕ್ಟ್ರು. ತೂಕ ಎತ್ತು ಅಂತ ನೀನು. ಯಾರ್ ಮಾತ್ ಕೇಳನೇ?"

"ಇಬ್ರುದೂ ಕೇಳು. ಇಳ್ಸ್ತಾ ಇಳ್ಸ್ತಾನೇ ಎತ್ತು."

ಜಗಲಿಯ ಮೇಲಿದ್ದ ನಮ್ಮ ಯಜಮಾನರು, "ಮುದುಕೀನ ಕುಸ್ತಿಗೆ ಇಳುಸ್ತೀಯೇನೇ" ಅಂದರು.

"ಮೊದ್ಲು ನಿನ್ ಜೊತೇಲೇ ಇಳುಸ್ತೀನಿ ತಾತ, ಸುಮ್ಕಿರು."

ಮರುದಿನದಿಂದ ಶುರುವಾಯಿತು. ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಕೂರುವುದು, ಏಳುವುದು. ವಾರ ಕಳೆದ ಮೇಲೆ ಒಂದು ದಿಂಬು ತೆಗೆದಳು. ಆಮೇಲೆ ಇನ್ನೊಂದು. ಎಣ್ಣೆ ಕ್ಯಾನಿಗೆ ನೀರು ತುಂಬಿ ಎರಡು ಕೈಗೂ ಕೊಟ್ಟು, ಅಂಗಳದ ಈ ತುದಿಯಿಂದ ಆ ತುದಿಗೆ ನಡೆಸಿದಳು. ಬೆನ್ನು ಬಗ್ಗಿಸದೆ ಸೊಂಟ ಹಿಂದಕ್ಕೆ ತಳ್ಳಿ, ಮಂಡಿ ಸಡಿಲ ಬಿಟ್ಟು, ರಾಗಿ ಗಂಟು ಎತ್ತುವುದನ್ನು ಕಲಿಸಿದಳು. ಅರ್ಧ ಮುದ್ದೆಯ ಜೊತೆ ಎರಡು ಮೊಟ್ಟೆ, ಒಂದು ಬಟ್ಟಲು ಹುರುಳಿಕಾಳು ತಿನ್ನಿಸಿದಳು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಕಾಲದಲ್ಲಿ ಕಡ್ಡಿ ಎಣಿಸುತ್ತಿದ್ದ ಹಾಗೆ ನಾನು ಒಂದೊಂದನ್ನೂ ಬಾಯಲ್ಲಿ ಎಣಿಸುತ್ತಿದ್ದೆ. ಆ ಹುಡುಗಿಯ ಮೇಲೆ ನನಗೆ ಎಷ್ಟು ನಂಬಿಕೆಯಿತ್ತು ಅಂದರೆ, ಬಾವಿಗೆ ಬೀಳು ಅಂದಿದ್ದರೂ ಯಾವ ಕಾಲು ಮುಂದೆ ಇಡಲಿ ಅಂತ ಕೇಳುತ್ತಿದ್ದೆ.

ಆದರೆ ತಕ್ಕಡಿ ಎಪ್ಪತ್ತೊಂದಕ್ಕೆ ಬಂದು ನಿಂತುಬಿಟ್ಟಿತು. ಒಂದು ವಾರ, ಎರಡು ವಾರ, ಮೂರು ವಾರ. ಕೆಂಪು ನಂಬರು ಅಲುಗಲಿಲ್ಲ.

"ಕಂಡ ಕೂಡ್ತಾ ಐತೆ, ಕೊಬ್ಬು ಇಳೀತಾ ಐತೆ ಕಣಜ್ಜಿ. ತಕ್ಕಡಿಗೆ ಎಲ್ಡೂ ಒಂದೇ" ಅಂದಳು ಮೊಮ್ಮಗಳು.

"ಸಾಕ್ ಬುಡವ್ವ ನಿನ್ ಭಾರ. ನಡ್ಕಂಡಿದ್ದಾಗ ಸಂದಾಗಿ ಇಳೀತಿತ್ತು" ಅಂದೆ. ಎರಡು ದಿನ ಕ್ಯಾನು ಮುಟ್ಟಲಿಲ್ಲ. ಅರ್ಧ ಮುದ್ದೆಯನ್ನೂ ಬಿಟ್ಟೆ.

ಮುಂದಿನ ಸೋಮವಾರ ಯಜಮಾನರೇ ಕರೆದು, "ಬಾ, ತೂಕ ನೋಡು ಬಾ" ಅಂದರು. ಹತ್ತಿದೆ. ಎಪ್ಪತ್ತು. ಅದರ ಮುಂದಿನ ವಾರ ಅರವತ್ತೊಂಬತ್ತು. ಆಮೇಲೆ ಅರವತ್ತೆಂಟು. ನನಗೆ ಮತ್ತೆ ಹುರುಪು ಬಂತು. ಗಂಟು ದೊಡ್ಡದು ಮಾಡು ಅಂತ ನಾನೇ ಕೇಳಿದೆ. ಅರವತ್ತೇಳಾದ ದಿನ ಮಗಳಿಗೆ ಫೋನ್ ಮಾಡಿ ಹೇಳಿದೆ, ಬೀಗಿತ್ತಿಗೂ ಹೇಳಿದೆ. ಎದುರು ಮನೆಯವಳಿಗೆ ಎರಡು ಸಲ ಹೇಳಿದೆ.

ಒಂದು ಮಾತ್ರ ಕಣ್ಣಿಗೆ ಬಿದ್ದಿತ್ತು. ನಾನು ಹತ್ತುವ ಮೊದಲು ನಂಬರಿನ ಮುಂದೆ ಒಂದು ಸಣ್ಣ ಗೆರೆ ಇರುತ್ತಿತ್ತು. ಅಡ್ಡ ಗೆರೆ, ಅದರ ಪಕ್ಕ ಒಂದು ಅಂಕಿ. ನಾನು ಓದಿದ್ದು ಎರಡನೇ ಕ್ಲಾಸು. ಅಂಕಿ ಬರುತ್ತದೆ, ಗೆರೆ ಬರುವುದಿಲ್ಲ. "ಇದೇನೇ ಗೆರೆ?" ಅಂತ ಮೊಮ್ಮಗಳನ್ನು ಕೇಳಿದ್ದೆ. "ಅದು ಕರೆಂಟಿನ ಲೈನು ಅಜ್ಜಿ, ನೀನ್ ಹತ್ತಿದ್ ಮ್ಯಾಲೆ ಬರೋ ನಂಬರ್ ನೋಡ್ಕೊ" ಅಂದಿದ್ದಳು. ಓದಿದವಳು ಹೇಳಿದಳು, ಸರಿ ಅಂದುಕೊಂಡೆ.

ಇನ್ನೊಂದು ಸೋಮವಾರ. ಯಜಮಾನರು ತಕ್ಕಡಿ ಹಾಕಿಟ್ಟು, ಪಂಪಿನ ಹತ್ತಿರ ಯಾರೋ ಕೂಗಿದರು ಅಂತ ಹೊರಟರು. ಮೊಮ್ಮಗಳು ಇನ್ನೂ ತಲೆ ಬಾಚಿಕೊಳ್ಳುತ್ತಿದ್ದಳು. ನಾನೇ ಹತ್ತಿದೆ, ಅರವತ್ತಾರು. ಇಳಿದವಳಿಗೆ ಹಿಂದಿನ ದಿನ ಕಂಪಲಾಪುರದ ಅಂಗಡಿಯಿಂದ ತಂದ ಇಪ್ಪತ್ತೈದು ಕೆಜಿ ಅಕ್ಕಿ ಚೀಲ ಮೂಲೆಯಲ್ಲಿ ಕಂಡಿತು. ಹೊರಗಿಂದ ಬಂದ ಯಾವ ಚೀಲವನ್ನೂ ತೂಗದೆ ಒಳಗಿಡುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ವರ್ಷವಿಡೀ ದುಡಿದ ಸೊಪ್ಪನ್ನು ಬೇರೆಯವರ ತಕ್ಕಡಿಗೆ ಇಟ್ಟು ಬರುವ ನಮಗೆ, ತಕ್ಕಡಿ ಅಂದರೆ ಅನುಮಾನ ಮೊದಲು. ಚೀಲ ಎತ್ತಿ ಹಲಗೆಯ ಮೇಲಿಟ್ಟೆ. ಇಪ್ಪತ್ತೊಂದು ತೋರಿಸಿತು.

ನನಗೆ ಮೈ ಉರಿಯಿತು. ಅಂಗಡಿಯವನು ನಾಲ್ಕು ಕೆಜಿ ಹೊಡೆದಿದ್ದಾನೆ ಅಂದುಕೊಂಡೆ. ಯಾರಿಗೂ ಹೇಳದೆ ಬೀದಿಯಲ್ಲಿ ಬಂದ ಆಟೋ ನಿಲ್ಲಿಸಿ, ಚೀಲ ಹಾಕಿಕೊಂಡು ಕಂಪಲಾಪುರಕ್ಕೆ ಹೋದೆ.

ಅಂಗಡಿಯಲ್ಲಿ ಐದಾರು ಜನ ಇದ್ದರು. ಅವರೆದುರಿಗೇ, "ಏನಪ್ಪ, ಹೊಲಿಗೆ ಬಿಚ್ಚಿ ತೆಗ್ದು ಮತ್ತೆ ಹೊಲೀತೀಯಾ ನೀನು?" ಅಂತ ಕೇಳಿಬಿಟ್ಟೆ.

ಅಂಗಡಿಯವನು ಚೀಲವನ್ನು ತನ್ನ ತಕ್ಕಡಿಗೆ ಇಟ್ಟ. ಇಪ್ಪತ್ತೈದು.

"ನಿನ್ ತಕ್ಕಡಿ ನೀನ್ ಏಳ್ದಂಗ್ ಕೇಳ್ತದೆ" ಅಂದೆ.

"ಅಂಗಾದ್ರೆ ಎದ್ರುಗಡೆ ಗೊಬ್ಬರದಂಗ್ಡಿಗೆ ಬನ್ನಿ ಅವ್ವ" ಅಂದು ಚೀಲ ಹೊತ್ತುಕೊಂಡು ಹೋದ. ನೋಡುತ್ತಿದ್ದವರೂ ಹಿಂದೆಯೇ ಬಂದರು. ಅಲ್ಲೂ ಇಪ್ಪತ್ತೈದು. ಚೀಲ ಕೆಳಗಿಳಿಸಲು ಹೇಳಿ, ಚಪ್ಪಲಿ ಬಿಟ್ಟು ನಾನೇ ಹತ್ತಿ ನಿಂತೆ. ಎಪ್ಪತ್ತು.

"ಮನೆ ತಕ್ಕಡಿ ನಂಬ್ಕಂಡು ನಮ್ ಮ್ಯಾಲ್ ಬಂದ್ರಲ್ಲವ್ವ" ಅಂದ ಅಂಗಡಿಯವನು. ಬೈಯಲಿಲ್ಲ, ಒಂದು ಲೋಟ ನೀರು ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದಾಗ ತಾತ ಮೊಮ್ಮಗಳು ಇಬ್ಬರೂ ಜಗಲಿಯ ಮೇಲಿದ್ದರು. ಆಟೋದಿಂದ ಚೀಲ ಇಳಿಸಿ ಅವರ ಮುಂದೆ ಇಟ್ಟೆ.

"ಆ ಗೆರೆ ಏನೇ?"

ಅವಳು ತಾತನ ಮುಖ ನೋಡಿದಳು. "ಮೈನಸ್ಸು ಅಜ್ಜಿ."

"ಅಂಗಂದ್ರೆ?"

"ಸೊನ್ನೆಗಿಂತ ಕೆಳಗೆ."

ಸೊನ್ನೆಯ ಕೆಳಗೂ ಲೆಕ್ಕ ಇದೆ ಅಂತ ಅರವತ್ತಮೂರನೇ ವಯಸ್ಸಿನಲ್ಲಿ ನನಗೆ ಗೊತ್ತಾಯಿತು. ಅದೂ ಹೀಗೆ.

ಸೊಪ್ಪಿನ ಬೇಲ್‌ಗೆ ಸುತ್ತುವ ಗೋಣಿಯ ತೂಕ ಕಳೆಯಲು ಆ ತಕ್ಕಡಿಯಲ್ಲಿ ಒಂದು ಗುಂಡಿ ಇದೆ. ಖಾಲಿ ಗೋಣಿ ಇಟ್ಟು ಗುಂಡಿ ಒತ್ತಿದರೆ ಅದನ್ನೇ ಸೊನ್ನೆ ಅಂದುಕೊಳ್ಳುತ್ತದೆ. ನಮ್ಮ ಯಜಮಾನರು ಗೋಣಿಯ ಜಾಗದಲ್ಲಿ ಕಲ್ಲು ಇಟ್ಟು, ಗುಂಡಿ ಒತ್ತಿ, ಕಲ್ಲು ತೆಗೆಯುತ್ತಿದ್ದರು. ವಾರ ವಾರಕ್ಕೂ ದೊಡ್ಡ ಕಲ್ಲು. ನಲವತ್ತೈದು ವರ್ಷ ನನ್ನ ಜೊತೆ ಬಾಳಿದವರು. "ತಕ್ಕಡಿ ಮುಂದೆ ನಿಂತ್ರೆ ಮೊದ್ಲು ಸೊನ್ನೆ ನೋಡು" ಅಂತ ನನಗೆ ಕಲಿಸಿದವರೇ ಅವರು.

"ನೀನು ಬುಟ್ಬುಡ್ತಿದ್ದೆ ಕಣೇ. ಊಟಾನೂ ಬುಟ್ಟಿದ್ದೆ" ಅಂದರು.

"ಬುಡೋದು ಹಿಡಿಯೋದು ನಂದು. ನಿಜ ಯೋಳೋದು ನಿಮ್ದು."

"ಮೊದ್ಲು ನಿಜಾನೇ ಯೋಳುದ್ವಲ್ಲ ಅಜ್ಜಿ, ನೀನ್ ನಂಬ್ಲಿಲ್ಲ" ಅಂದಳು ಮೊಮ್ಮಗಳು. ಅವಳ ಕಣ್ಣು ತುಂಬಿತ್ತು. "ನಿನ್ ರವಿಕೆ ಎಷ್ಟ್ ಸಡ್ಲ ಆಗೈತೆ ನೋಡ್ಕೊ. ಈ ಚೀಲ ಬೆಳಿಗ್ಗೆಯಿಂದ ಎಷ್ಟ್ ಸಲ ಎತ್ತಿದ್ದೀಯ ಯೋಳು."

ಹೌದು, ನಾನೇ ಎತ್ತಿದ್ದೆ. ತಕ್ಕಡಿಗೆ, ಆಟೋಗೆ, ಈಗ ಜಗಲಿಗೆ. ಅದು ನನಗೆ ಹೊಳೆದೇ ಇರಲಿಲ್ಲ. ಆದರೆ ಅವಳು ಅದನ್ನು ಹೇಳಿದ್ದಕ್ಕೆ ಸಮಾಧಾನವಾಗಲಿಲ್ಲ, ಉರಿಯುವ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು. ಮೋಸದಿಂದ ಒಳ್ಳೆಯದೇ ಆಯಿತಲ್ಲ ಅಂತ ನನ್ನ ಬಾಯಿಂದಲೇ ಹೇಳಿಸಲು ಹೊರಟಿದ್ದಳು.

ನಾಲ್ಕು ಕೆಜಿಗೆ ನಾನು ಅತ್ತವಳಲ್ಲ. ನನಗೆ ಬಾರದ ಒಂದು ಗೆರೆಯ ಹಿಂದೆ ನನ್ನವರಿಬ್ಬರೂ ಬಚ್ಚಿಟ್ಟುಕೊಂಡರಲ್ಲ, ಅದು. ನಾನು ಕೇಳಿದಾಗ ಕರೆಂಟಿನ ಲೈನು ಅಂದರಲ್ಲ, ಅದು. ನಾನು ಬೀಗಿತ್ತಿಗೆ ಫೋನ್ ಮಾಡಿ ಅರವತ್ತೇಳು ಅಂತ ಹೇಳುವಾಗ ಇಬ್ಬರೂ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಅಮಾಯಕನಾದ ಅಂಗಡಿಯವನನ್ನು ನಾಲ್ಕು ಜನರ ಮುಂದೆ ಕಳ್ಳ ಅಂದೆ. ಕಳ್ಳತನ ನನ್ನ ಮನೆಯಲ್ಲೇ ನಡೆದಿತ್ತು. ಮುದುಕಿಗೆ ನಿಜ ತಡೆಯುವ ಕಸುವಿಲ್ಲ ಅಂತ ಅವರೇ ತೀರ್ಮಾನ ಮಾಡಿದ್ದರು. ಕಸುವು ಬರಲಿ ಅಂತ ದಿನವೂ ಭಾರ ಎತ್ತಿಸುತ್ತಿದ್ದವರು.

ಆವತ್ತಿನಿಂದ ಬೇಕಾದಷ್ಟು ಮಾತ್ರ ಮಾತಾಡಿದೆ. ತಕ್ಕಡಿ ಹತ್ತುವುದನ್ನು ಬಿಟ್ಟೆ. ಎತ್ತುವುದನ್ನು ಬಿಡಲಿಲ್ಲ, ಮಗು ನನ್ನ ಸಿಟ್ಟು ಇಳಿಯಲಿ ಅಂತ ಕಾಯುವುದಿಲ್ಲವಲ್ಲ. ಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದೆ ಒಬ್ಬಳೇ ಎತ್ತಿದೆ. ಮೊಮ್ಮಗಳು ದೂರ ನಿಂತು ನೋಡುತ್ತಿದ್ದಳು. ಬೆನ್ನು ಬಗ್ಗಿದರೆ ಕೆಮ್ಮುತ್ತಿದ್ದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ, ಅವಳ ಕಡೆ ತಿರುಗುತ್ತಿರಲಿಲ್ಲ. ಕುರ್ಚಿಯಿಂದ ಗಿಡ್ಡ ಸ್ಟೂಲಿಗೆ, ಸ್ಟೂಲಿನಿಂದ ಮಣೆಗೆ ಇಳಿದೆ. ಮಗಳು ಬಾಣಂತನಕ್ಕೆ ಬಂದವಳು, "ಏನವ್ವ, ಮನೇಲಿ ಯಾರೂ ಮಾತೇ ಆಡಲ್ವಲ್ಲ" ಅಂದಳು. ಅವಳಿಗೂ ಹೇಳಲಿಲ್ಲ, ಹೊಟ್ಟೆಯಲ್ಲಿ ಮಗು ಇತ್ತು.

ನಿಜ ಹೇಳಿದ್ದರೆ ನಾನು ಬಿಟ್ಟುಬಿಡುತ್ತಿದ್ದೆನೋ ಏನೋ. ಬಿಡುತ್ತಿದ್ದೆ ಅಂತಲೇ ಕೆಲವು ಸಲ ಅನ್ನಿಸುತ್ತದೆ. ಹಾಗನ್ನಿಸಿದಾಗ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ.

ಇವತ್ತು ನಾನು ಬಚ್ಚಲಲ್ಲಿ ಎದ್ದು ನಿಂತಾಗ ಬಾಗಿಲ ಹತ್ತಿರ ಮೊಮ್ಮಗಳು ಇದ್ದಳು, ಎರಡೂ ಕೈ ಮುಂದೆ ಚಾಚಿಕೊಂಡು, ಬಿದ್ದರೆ ಹಿಡಿಯುತ್ತೇನೆ ಅನ್ನುವ ಹಾಗೆ. ಹಿಡಿಯುವ ಕೆಲಸ ಬೀಳಲಿಲ್ಲ. ಸೆರಗಿಲ್ಲದ ಹುಡುಗಿ, ಕೈ ಇಳಿಸಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು. ನಾನು ಒದ್ದೆ ಕೈಯನ್ನು ಅವಳ ತಲೆಯ ಮೇಲಿಟ್ಟೆ. ಇಟ್ಟ ಮೇಲೆ, ಯಾಕೆ ಇಟ್ಟೆ ಅನ್ನಿಸಿತು. ತೆಗೆಯಲಿಲ್ಲ.

ಸಂಜೆ ಅಳಿಯಂದಿರು ಕೋಟೆಯಿಂದ ಬಂದರು. ಸೊಸೆ ಹಲಸಂದೆ ಉಪ್ಸಾರು ಮಾಡಿ ಮುದ್ದೆ ಕಟ್ಟಿದ್ದಳು. ಬಾಣಂತಿಗೆ ಬೇರೆ ಮೆಣಸಿನ ಸಾರು. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತರು, ನಾನೂ ಕೂತೆ. ಯಜಮಾನರು ನನ್ನ ಪಕ್ಕ ಜಾಗ ಬಿಟ್ಟು ಕೂತಿದ್ದವರು, ಖಾರದ ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಮಗು ತೊಟ್ಟಿಲಲ್ಲಿ ಮಲಗಿತ್ತು. ನೀರು ಹುಯ್ದ ಮಗು, ಎಚ್ಚರವಾಗಲಿಲ್ಲ.

ಮೊಮ್ಮಗಳು ಬಡಿಸುತ್ತಾ ನನ್ನ ತಟ್ಟೆಯ ಮುಂದೆ ಬಗ್ಗಿದಳು.

"ಇನ್ನೂ ಸಿಟ್ಟಾ ಅಜ್ಜಿ?"

"ಐತೆ" ಅಂದೆ. "ಮುದ್ದೆ ಹಾಕು. ಹಾಕಿ ನೀನೂ ಇಲ್ಲೇ ಕೂತ್ಕ."

ಅವಳು ನನ್ನ ಮತ್ತು ತಾತನ ನಡುವಿನ ಜಾಗದಲ್ಲಿ ಕೂತಳು. ಎಲ್ಲರೂ ಉಂಡೆವು.